ವಿಳಾಸ ಕಾಣದ ಟೋಪಿ

ನವೆಂಬರ್ ೧೨, ಬುಧವಾರ

ನಾನು ಹೆಣೆದ ಟೋಪಿಗಳೆಲ್ಲ ಹೋದ ವಾರ ಆನ್‌ಲೈನಿನಲ್ಲಿ ಮಾರಿಕೊಡುವ ಕಂಪನಿಯ ಗೋದಾಮು ಸೇರಿದವು. ಇಷ್ಟು ವರ್ಷ ನಾನೇ ಕಟ್ಟಿ ಕಳಿಸುತ್ತಿದ್ದೆ, ಇನ್ನು ಪ್ಯಾಕಿಂಗ್ ಅವರದೇ. ಕೊಂಡವರ ಹೆಸರು, ವಿಳಾಸ ನಮಗೆ ಕಾಣುವುದಿಲ್ಲವಂತೆ.

"ಒಳ್ಳೇದೇ ಆಯ್ತು ಬಿಡೆ, ಟೇಪ್ ಹಚ್ಚೋ ಅವಸರದಲ್ಲಿ ಒಂದಿನ ನೀನೇ ಪಾರ್ಸಲ್ ಆಗ್ತಿದ್ದೆ," ಎಂದು ಇವರು ನಕ್ಕರು.

ಇವರಿಗೆ ನಾನು ಹೇಳಿಯೇ ಇರಲಿಲ್ಲ. ಜಗಳವಾಡಿ ಮನೆ ಬಿಟ್ಟ ಮಗಳು ಪ್ರತಿ ಚಳಿಗಾಲ ನಮ್ಮಿಂದಲೇ ಒಂದು ಟೋಪಿ ತರಿಸುತ್ತಿದ್ದಳು. ಪತ್ರವಿಲ್ಲ, ಫೋನಿಲ್ಲ. ವಿಳಾಸದ ಚೀಟಿ ನೋಡಿ ಅವಳಿರುವ ಊರು ತಿಳಿಯುತ್ತಿತ್ತು, ಟೋಪಿಯ ಅಳತೆ ನೋಡಿ ಅವಳ ಮಗು ಬೆಳೆದದ್ದು. ನಾನೂ ಒಂದು ಮಾತು ಬರೆದು ಹಾಕಲಿಲ್ಲ. ಬರೆದರೆ ತರಿಸುವುದನ್ನೇ ಬಿಟ್ಟಾಳೆಂಬ ಭಯ.

ಸಂಜೆ ಫೋನಿನಲ್ಲಿ ಮಾರಾಟದ ಪಟ್ಟಿ ನೋಡಿದೆ. ಮಗುವಿಗೆ ಈ ಸಲ ನಾಲ್ಕು ತುಂಬಿರಬೇಕು. ನಾಲ್ಕು ವರ್ಷದ ಮಗುವಿನ ಅಳತೆಯವು ಮೂರು ಹೋಗಿವೆ. ಅದರಲ್ಲಿ ಒಂದು ನಿನ್ನದೇ ಇರಬೇಕು, ಮಗಳೇ. ಒಂದೂ ನಿನ್ನದಲ್ಲದಿದ್ದರೆ…