ನಿನ್ನ ಮಗ್ಗಿನ ಮುಚ್ಚಳ

ಅಪ್ಪಾ,

ನಿನ್ನನ್ನು ಮಣ್ಣು ಮಾಡಿದ ಮೇಲೆ ನಮ್ಮ ಬ್ರೂವರಿಯಲ್ಲಿ ನಾನೇ ಮಾಡಿದ ಮೊದಲ ಲಾಗರ್ ಬಿಯರ್‌ನ ರುಚಿ ನೋಡಲು, ಇವತ್ತು ಚರ್ಚ್ ಮುಗಿಸಿಕೊಂಡು ಪ್ರತಿ ಭಾನುವಾರ ನಿನ್ನ ಮೇಜಿನಲ್ಲಿ ಕೂರುತ್ತಿದ್ದವರೆಲ್ಲ ಬಂದಿದ್ದರು. ಕಹಿ ಕೊಡುವ ಹಾಪ್ಸ್ ಹೂವನ್ನು ಕಡಿಮೆ ಹಾಕಿದ್ದೆ. ನೀನಿದ್ದಿದ್ದರೆ ಆ ಮಾತೆತ್ತಲೂ ಬಿಡುತ್ತಿರಲಿಲ್ಲ.

ನಿನ್ನ ಗೆಳೆಯ ಒಟ್ಮಾರ್ ಮಾಮ ತವರದ ಮುಚ್ಚಳವಿರುವ ತಮ್ಮ ಗಾಜಿನ ಮಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಿಳಿ ಜೇನಿನ ಬಣ್ಣ, ಕದಲದ ನೊರೆ. ಮೂಸಿದರು. ಒಂದು ಗುಟುಕನ್ನು ಬಾಯಲ್ಲಿಟ್ಟುಕೊಂಡೇ ಕೂತರು. ಅರ್ಧ ಮಗ್ ಇಳಿದ ಮೇಲೆ ಬಾಯಿಬಿಟ್ಟರು.

"ಆಗಷ್ಟೇ ಬೇಯಿಸಿದ ಬ್ರೆಡ್ಡಿನ ವಾಸನೆ ಇದೆ. ಕಹಿ ಕೊನೇಲಿ ಬರುತ್ತೆ, ಬಂದು ಹೋಗುತ್ತೆ. ನಿಮ್ಮಪ್ಪಂದು ಗಂಟಲಲ್ಲೇ ಕೂತ್ಕೋತಿತ್ತು, ಅವನ ಥರಾನೇ."

ಅವರು ಮುಚ್ಚಳ ಹಾಕಿಬಿಟ್ಟರು.

ಮುಚ್ಚಳ ತೆರೆದಿದ್ದರೆ ಕೇಳದೆಯೇ ತುಂಬಿಸಬೇಕು, ಮುಚ್ಚಿದರೆ ಸಾಕು ಎಂದರ್ಥ. ಅರ್ಧಕ್ಕೇ ಮುಚ್ಚಿದರೆ ಇದು ಕುಡಿಯುವಂಥದ್ದಲ್ಲ ಎಂದರ್ಥ ಎನ್ನುವುದನ್ನು ನೀನೇ ಕಲಿಸಿದ್ದೆ, ಇದೇ ಮೇಜಿನಲ್ಲಿ, ಎಲ್ಲರೆದುರು, ನನ್ನ ಬಿಯರ್ ಕುಡಿದು. ಮಾರನೆಯ ದಿನವೇ ನಾನು ಊರು ಬಿಟ್ಟಿದ್ದು.

ಒಟ್ಮಾರ್ ಮಾಮ ಎದ್ದು ಗೋಡೆಯ ಮೊಳೆಯಿಂದ ನಿನ್ನ ಮಗ್ ತೆಗೆದರು. ನೀನು ಕೂರುತ್ತಿದ್ದ ಜಾಗದಲ್ಲಿಟ್ಟು, ಅದರ ಮುಚ್ಚಳ ತೆರೆದರು.

"ಮೊದ್ಲು ಅವನಿಗೆ ಹಾಕಮ್ಮ. ನಂದು ಆಮೇಲೆ ಮುಗಿಸ್ತೀನಿ. ಪರವಾಗಿಲ್ಲ, ಕುಡೀಬಹುದು."

ಜರ್ಮನಿಯಲ್ಲೇ ಮಾತು ಕಡಿಮೆಯಾದ ನಮ್ಮ ಫ್ರಾಂಕೋನಿಯಾದಲ್ಲಿ 'ಪರವಾಗಿಲ್ಲ' ಎನ್ನುವುದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲವೆಂದು ನಿನಗೆ ಗೊತ್ತು. ನೀನೂ ಯಾರನ್ನಾದರೂ ಹೊಗಳಿದರೆ ಆ ಒಂದೇ ಮಾತಿನಲ್ಲಿ ಹೊಗಳುತ್ತಿದ್ದೆ.

ಈಗ ಎಲ್ಲರೂ ಮನೆಗೆ ಊಟಕ್ಕೆ ಹೋಗಿದ್ದಾರೆ. ನಿನ್ನ ಮಗ್ಗಿನಲ್ಲಿ ನೊರೆ ಇಳಿದಿದೆ. ಮುಚ್ಚಳ ಇನ್ನೂ ತೆರೆದೇ ಇದೆ, ಅಪ್ಪಾ. ನಾನಂತೂ ಮುಚ್ಚುವುದಿಲ್ಲ.

ವಾಲ್ಬುರ್ಗಾ