ಟ ಸಾಲನ್ನು ಬದಲಿಸಲಿಲ್ಲ

ಪ್ರೀತಿಯ ವಾಚಾಳಿ,

ಫೋನ್ ಮಾಡಿದರೆ ಹಿಂದೆ ಮೊಮ್ಮಗು ಅಳುತ್ತದೆ, ನೀನು ಎರಡು ಮಾತಿಗೇ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನೀನು ಮಗಳ ಮನೆಗೆ ಹೋದ ಮೇಲೆ ಆಸ್ಪತ್ರೆಯ ಇಸ್ತ್ರಿ ಕೋಣೆಯಲ್ಲಿ ನಿನ್ನ ಮೇಜು ಖಾಲಿ ಬಿದ್ದಿದೆ. ಬೆಡ್‌ಶೀಟುಗಳು ಮಾತ್ರ ಮೊದಲಿನಷ್ಟೇ ಬರುತ್ತವೆ. ಇನ್ನೊಂದು ತುದಿ ಹಿಡಿಯುವವರಿಲ್ಲ. ಗದ್ದಕ್ಕೆ ಒತ್ತಿಕೊಂಡು ಒಬ್ಬಳೇ ಮಡಿಸುತ್ತೇನೆ.

ನಮ್ಮ ಗುಟ್ಟಿನ ಬರವಣಿಗೆ ನೆನಪಿದೆಯೇ? ಒಗೆಯುವ ಯಂತ್ರಗಳ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ, ಕೂಗಿದರೆ ಸೂಪರ್‌ವೈಸರ್ ಕಣ್ಣು ಕೆಕ್ಕರಿಸುತ್ತಿದ್ದರು. ನೀನು ಬಾಯಿಗೆ ಬೀಗ ಹಾಕಿಕೊಂಡು ಕೂರುವವಳೇ? ವರ್ಣಮಾಲೆಯ ಕ, ಚ, ಟ, ತ, ಪ ಎಂಬ ಐದು ಸಾಲುಗಳಲ್ಲಿ ನೀನೇ ಮೊದಲನೆಯದನ್ನು ಐದನೆಯದರ ಜೊತೆ, ಎರಡನೆಯದನ್ನು ನಾಲ್ಕನೆಯದರ ಜೊತೆ ಅದಲುಬದಲು ಮಾಡಿದೆ. ಕ ಇದ್ದಲ್ಲಿ ಪ, ಪ ಇದ್ದಲ್ಲಿ ಕ. ತ ಇದ್ದಲ್ಲಿ ಚ, ನ ಇದ್ದಲ್ಲಿ ಞ. ಸ್ವರ, ಕಾಗುಣಿತ ಹಾಗೇ. ಇಷ್ಟು ದಿನ ಕೆಲಸವಿಲ್ಲದೆ ಕೂತಿದ್ದ ಙ, ಞಗಳಿಗೂ ನೌಕರಿ ಸಿಕ್ಕಿತು ಎಂದು ನಾನು ನಕ್ಕಿದ್ದೆ. ಹಸಿರು ಬೀರುವಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆವು. ಗಂಟುಮೋರೆಯ ಸೂಪರ್‌ವೈಸರ್ ಅಲ್ಲಿ ‘ಬಂಟುಙೋರೆ’ ಆಗಿದ್ದರು.

ನೀನು ಹೋದ ಮೇಲೂ ಮಧ್ಯಾಹ್ನವಾದರೆ ಕೈ ತಾನಾಗಿ ‘ಊಟ ಆಯ್ಚಾ?’ ಎಂದು ಬರೆಯುತ್ತದೆ. ಸಂಜೆ ನಾನೇ ಒರೆಸುತ್ತೇನೆ.

ಮೊನ್ನೆ ಕೈ ತೊಳೆದು ಬಂದು ನೋಡಿದರೆ ಅದರ ಕೆಳಗೆ ಉತ್ತರವಿತ್ತು: ‘ಇಞ್ಞೂ ಇಲ್ಲ.’ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ ಕಣೇ. ನೀನೇ ಬಂದೆ ಎಂದುಕೊಂಡು ಬಟ್ಟೆ ಬದಲಿಸುವ ಕೋಣೆಗೆ ಓಡಿದೆ, ಗೇಟಿನವರೆಗೂ ಹೋದೆ. ಎಲ್ಲೂ ಇಲ್ಲ. ವಾಪಸು ಬಂದಾಗ ಬೀರುವಿನ ಪಕ್ಕ ಸೂಪರ್‌ವೈಸರ್ ನಿಂತಿದ್ದರು, ಬೆರಳಿಗೆ ಸೀಮೆಸುಣ್ಣ ಮೆತ್ತಿತ್ತು.

“ಟ ಸಾಲನ್ನ ನೀವು ಮುಟ್ಟೇ ಇಲ್ವಲ್ಲಮ್ಮ,” ಅಂದರು. “ಊಟ ಊಟವಾಗೇ ಉಳೀತು. ಅದರ ಮುಂದೆ ಬರೋದು ‘ಆಯ್ತಾ’ ತಾನೇ? ಚ ಅಂದ್ರೆ ತ ಅಂತ ಗೊತ್ತಾದ್ಮೇಲೆ ಉಳಿದಿದ್ದು ಏನು ಮಹಾ.”

‘ಬಂಟುಙೋರೆ’ಯನ್ನೂ ಓದಿದ್ದೀರಾ ಎಂದು ಕೇಳುವ ಧೈರ್ಯ ಬರಲಿಲ್ಲ. ಆಮೇಲೆ ಅವರೇ ಮೆಲ್ಲಗೆ, “ನೀವು ದಿನಾ ಕೇಳ್ತೀರಿ, ಯಾರೂ ಉತ್ತರ ಕೊಡಲ್ಲ. ನೋಡಕ್ಕಾಗ್ಲಿಲ್ಲ,” ಅಂದರು. ನನಗೆ ಅಳು ಬಂತು. ಅವರ ಒಳ್ಳೆಯತನಕ್ಕಲ್ಲ, ಬರೆದವಳು ನೀನಲ್ಲವಲ್ಲ ಎಂದು.

ಈಗ ಇಬ್ಬರೂ ಒಟ್ಟಿಗೆ ಬುತ್ತಿ ಬಿಚ್ಚುತ್ತೇವೆ. ಮಾತು ಕಡಿಮೆ. ಟ ಸಾಲನ್ನು ಯ ರ ಲ ವ ಶ ಜೊತೆ ಬದಲಿಸಿದರೆ ಬೇರೆಯವರಿಗೆ ಅಷ್ಟು ಸುಲಭವಾಗಿ ತಿಳಿಯುವುದಿಲ್ಲ ಎಂದು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಎಂದಾದರೂ ನೀನು ಬಂದರೆ, ಆ ಬೀರುವಿನ ಮುಂದೆ ನಿಂತು ಓದಲಾಗದೆ ತಬ್ಬಿಬ್ಬಾಗಬಾರದು.

ಮೊಮ್ಮಗು ನಿನ್ನಷ್ಟೇ ಮಾತಾಡುವಂತಾಗಲಿ. ಅದನ್ನು ಎತ್ತಿ ಆಡಿಸುವ ನಿನ್ನ ಕೈಗೆ ನೋವು ಬಾರದಿರಲಿ.

ಊಟ ಆಯ್ಚಾ?

ಉತ್ತರಕ್ಕೆ ಜಾಗ ಬಿಟ್ಟು ಕಾಯುವ,
ನಿನ್ನ ಪಕ್ಕದ ಮೇಜಿನವಳು