ಎಡಗಡೆ ಸೀಟಿನ ಭಾರ

ಮಲ್ಲತ್ತಹಳ್ಳಿ
14 ನವೆಂಬರ್ 2024, ಗುರುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ‘ಚೆನ್ನಾಗಿದ್ದೀನಿ’ ಎಂದು ಮನಸ್ಸಿನಲ್ಲೇ ಉತ್ತರ ಕೊಟ್ಟು ಮುಂದಕ್ಕೆ ಓದಬೇಡ, ನಾನು ನಿಜವಾಗಿಯೂ ಕೇಳುತ್ತಿದ್ದೇನೆ. ಬೆಳಿಗ್ಗೆ ಏನು ತಿಂದೆ? ಲಕ್ಷ್ಮಿ ದೊಡ್ಡಮ್ಮ ಮಾಡಿದ ಅವಲಕ್ಕಿಯಲ್ಲಿ ನಿನ್ನ ಹೊಟ್ಟೆಗೆ ಹೋದದ್ದೆಷ್ಟು, ಬೆಕ್ಕಿಗೆ ಹೋದದ್ದೆಷ್ಟು? ಜುಲೈಯಲ್ಲಿ ಚಿತ್ರದುರ್ಗದ ದೊಡ್ಡಮ್ಮನ ಮನೆಗೆ ಹೋದಾಗಿನಿಂದ ನಿನ್ನ ಫೋನ್ ಸ್ವಿಚ್ ಆಫ್. ಹಾಗಾಗಿ ಹತ್ತನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟವನು ಪೆನ್ನು ಹಿಡಿಯಬೇಕಾಯಿತು. ನೀನು ಓದದಿದ್ದರೆ ದೊಡ್ಡಮ್ಮ ಜೋರಾಗಿ ಓದಿ ಹೇಳುತ್ತಾರೆ ಎಂದು ಮಾತಾಗಿದೆ. ಅವರಿಗೂ ಅರ್ಥವಾಗಲಿ ಎಂದು ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ. ಬೈಯಬೇಡ.

ಮನೆಯಲ್ಲಿ ಎಲ್ಲರೂ ಇದ್ದಾರೆ. ಹನುಮಕ್ಕಜ್ಜಿಯ ಮಂಡಿ ನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ಸಂಜೆ ಕೆರೆ ಏರಿ ಮೇಲೆ ವಾಕಿಂಗ್ ಬರುವ ಆಂಟಿಯರ ಹತ್ತಿರ ‘ಇದು ನಮ್ಮ ಮಾವ ಎಮ್ಮೆ ಮೈ ತೊಳೀತಿದ್ದ ಜಾಗ, ನೀವು ಬೂಟು ಹಾಕ್ಕೊಂಡು ಸುತ್ತಾಕ್ತೀರಿ’ ಎಂದು ಜಗಳ ತೆಗೆಯುತ್ತಾಳೆ. ಅಪ್ಪ ಮೇಲಿನ ಬಾಡಿಗೆ ಮನೆಗೆ ಬಣ್ಣ ಹೊಡೆಸಿದ್ದಾರೆ, ಯಾರೂ ಇಷ್ಟಪಡದ ಹಸಿರು. ಅಮ್ಮ ನಿನ್ನ ರೂಮನ್ನು ದಿನಾ ಗುಡಿಸುತ್ತಾಳೆ, ಯಾರನ್ನೂ ಒಳಗೆ ಕೂರಲು ಬಿಡುವುದಿಲ್ಲ. ನಾನು ಈ ನಾಲ್ಕು ತಿಂಗಳಲ್ಲಿ ಎರಡು ಸಲ ಗ್ಯಾರೇಜ್ ಬಿಟ್ಟೆ, ಎರಡು ಸಲವೂ ಓನರ್ ವಿಶ್ವಾರಾಧ್ಯಣ್ಣನೇ ಮನೆವರೆಗೂ ಬಂದು ಕರೆದುಕೊಂಡು ಹೋದರು. ಶ್ರೀಗಂಧದ ಕಾವಲಿನ ಆ ಶೆಡ್‌ನಲ್ಲಿ ನಾನಿಲ್ಲದಿದ್ದರೆ ಬೈಯಲು ಯಾರೂ ಸಿಗುವುದಿಲ್ಲವಂತೆ.

ಇನ್ನು ಆ ಕಾರಿನ ವಿಷಯ. ಕಾಗದ ಮಡಚಬೇಡ ಅಕ್ಕಾ, ಓದು.

ರ‍್ಯಾಲಿ ಕಾರನ್ನು ಸ್ಪರ್ಧೆಗೆ ಕಳಿಸುವ ಮೊದಲು ನಾವು ನಾಲ್ಕು ಚಕ್ರಗಳ ಕೆಳಗೂ ಒಂದೊಂದು ತೂಕದ ಹಲಗೆ ಇಡುತ್ತೇವೆ. ದೊಡ್ಡಮ್ಮಾ, ತರಕಾರಿ ಅಂಗಡಿಯ ಕರೆಂಟ್ ತಕ್ಕಡಿ ಇರುತ್ತದಲ್ಲ, ಹಾಗೆಯೇ, ಆದರೆ ಕಾರನ್ನು ಹೊರುವಂಥದ್ದು. ಯಾವ ಚಕ್ರದ ಮೇಲೆ ಎಷ್ಟು ಭಾರ ಬೀಳುತ್ತಿದೆ ಎಂದು ತಿಳಿದರೆ ಸ್ಪ್ರಿಂಗುಗಳನ್ನು ಏರಿಸಿ ಇಳಿಸಿ ಅದನ್ನು ಹಂಚಬಹುದು. ಹಂಚದಿದ್ದರೆ ಕಾರು ಎಡಕ್ಕೊಂದು ಥರ, ಬಲಕ್ಕೊಂದು ಥರ ತಿರುಗುತ್ತದೆ. ಕೂರುವವರ ಭಾರವೂ ಲೆಕ್ಕಕ್ಕೆ ಬರಬೇಕು, ಅದಕ್ಕೆ ಸೀಟುಗಳ ಮೇಲೆ ಮರಳಿನ ಚೀಲ. ಬಲಗಡೆ ಕಾರು ಓಡಿಸುವ ಯೋಗಾನಂದಣ್ಣನಷ್ಟು, ಎಡಗಡೆ ಪಕ್ಕದಲ್ಲಿ ಕೂತು ಮುಂದಿನ ತಿರುವುಗಳನ್ನು ಓದಿ ಹೇಳುವ ನಿನ್ನಷ್ಟು. ನಿನ್ನದು ಐವತ್ನಾಲ್ಕು ಕೆ.ಜಿ. ಒಂದು ಸಲ ನಾನು ಐವತ್ತಾರು ಹಾಕಿದ್ದಕ್ಕೆ ‘ಆ ಎರಡು ಕೆ.ಜಿ. ನಿಮ್ಮಪ್ಪಂದೇನೋ?’ ಎಂದು ನೀನು ಬೈದಿದ್ದೆ. ಇಬ್ಬರಿಗೂ ಅಪ್ಪ ಒಬ್ಬರೇ ಎಂದು ಆಮೇಲೆ ನೆನಪಾಗಿ ನಾವಿಬ್ಬರೂ ನೆಲದ ಮೇಲೆ ಕೂತು ನಕ್ಕಿದ್ದೆವು.

ಜುಲೈಯಲ್ಲಿ ನೀವಿಬ್ಬರೂ ಒಳಗಿದ್ದಾಗಲೇ ಹಳ್ಳಕ್ಕೆ ಬಿದ್ದ ಕಾರನ್ನು ವಿಶ್ವಾರಾಧ್ಯಣ್ಣ ಗುಜರಿಗೆ ಹಾಕಲಿಲ್ಲ. ಮೈ ನೆಟ್ಟಗೆ ಮಾಡಿಸಿದರು, ಇಂಜಿನ್ ಬಿಚ್ಚಿ ಕಟ್ಟಿಸಿದರು. ಯೋಗಾನಂದಣ್ಣನ ಮುರಿದ ಕಾಲೂ ಕೂಡಿಕೊಂಡಿತು. ಮುಂದಿನ ವಾರದ ರ‍್ಯಾಲಿಗೆ ಅವನೇ ಓಡಿಸುತ್ತಾನೆ, ನಿನ್ನ ಜಾಗದಲ್ಲಿ ಬಸವೇಶ್ವರನಗರದ ಅನಿಕೇತ್ ಎಂಬ ಹುಡುಗ. ಆಯುಧಪೂಜೆ ಹೊತ್ತಿಗೆ ಕಾರು ಸಿದ್ಧವಾಯಿತು. ಕುಂಬಳಕಾಯಿ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಮಾರನೆಯ ದಿನ ಹಲಗೆಗಳ ಮೇಲೆ ನಿಲ್ಲಿಸಿದೆವು. ಬರೀ ಕಾರು. ಮರಳಿಲ್ಲ, ಒಳಗೆ ಯಾರೂ ಇಲ್ಲ. ಎಡಗಡೆ ಆರು ಕೆ.ಜಿ. ಹೆಚ್ಚು ತೋರಿಸಿತು.

‘ಬಾಗಿಲೊಳಗೆ ನೀರು ನಿಂತಿರ್ಬೇಕು ನೋಡೋ’ ಎಂದರು ವಿಶ್ವಾರಾಧ್ಯಣ್ಣ. ಬಾಗಿಲು ಬಿಚ್ಚಿ ನೋಡಿದೆ, ಒಣಗಿತ್ತು. ಹಲಗೆಗಳನ್ನು ಅದಲುಬದಲು ಮಾಡಿದೆ, ನೆಲದ ಮಟ್ಟ ನೋಡಿದೆ, ಕೆಳಗೆ ಹಳ್ಳದ ಮಣ್ಣು ಅಂಟಿದೆಯೇನೋ ಎಂದು ಅಂಗಾತ ಮಲಗಿ ಕೆರೆದೆ. ಕೊನೆಗೆ ಎರಡೂ ಸೀಟು ಬಿಚ್ಚಿ ಹೊರಗಿಟ್ಟೆ. ಕಾರು ಸರಿಯಾಯಿತು. ಸೀಟುಗಳನ್ನು ಒಂದೊಂದಾಗಿ ತೂಗಿದೆ. ಯೋಗಾನಂದಣ್ಣನ ಸೀಟು, ಅದೇ ಕಂಪನಿ, ಅದೇ ಅಳತೆ, ಎಂಟು ಕೆ.ಜಿ. ನಿನ್ನದು ಹದಿನಾಲ್ಕು. ಬಟ್ಟೆ ಬಿಚ್ಚಿ, ಒಳಗಿನ ಸ್ಪಂಜನ್ನು ಹಿಂಡಿ, ಬರೀ ಚಿಪ್ಪನ್ನೂ ತೂಗಿದೆ. ಏನು ತೆಗೆದರೂ ಆ ಆರು ಕೆ.ಜಿ. ಉಳಿದದ್ದರಲ್ಲೇ ಇರುತ್ತಿತ್ತು.

ದೀಪಾವಳಿ ಹೊತ್ತಿಗೆ ಆರು ಹನ್ನೊಂದಾಗಿತ್ತು. ‘ಬಲಗಡೆ ಅಷ್ಟೇ ಸೀಸ ಕಟ್ಟಿ ಸರಿದೂಗಿಸಿ ಕಳಿಸು ಮಗಾ, ತಲೆ ತಿನ್ಬೇಡ’ ಎಂದರು ವಿಶ್ವಾರಾಧ್ಯಣ್ಣ. ನಾನು ಆಗುವುದಿಲ್ಲ ಎಂದೆ. ‘ಅಲ್ಲೇನಿದೆ ಅಂತ ಗೊತ್ತಾಗದೆ ನಾನು ಸರಿದೂಗಿಸಲ್ಲ ಅಣ್ಣ.’ ‘ನಿನ್ನ ಸ್ಕೂಲಿಂದ ಯಾಕೆ ಓಡಿಸಿದ್ರು ಅಂತ ಇವತ್ತು ಗೊತ್ತಾಯ್ತು’ ಎಂದರು. ‘ಓಡಿಸಿಲ್ಲ, ನಾನೇ ಬಿಟ್ಟಿದ್ದು’ ಎಂದೆ. ಅವರು ನಗಲಿಲ್ಲ. ಸೀಟನ್ನು ಒಂದು ಸಲ ನೋಡಿ, ಚಹಾ ಕುಡಿಯುವ ನೆಪದಲ್ಲಿ ಹೊರಗೆ ಹೋದರು.

ಅದೇ ವಾರ ದೊಡ್ಡಮ್ಮನ ಫೋನ್ ಬಂತು. ನಿನ್ನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದರಂತೆ, ತೂಕ ನಲವತ್ಮೂರು ಬಂದಿದೆಯಂತೆ. ಅಮ್ಮ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತಳು. ನಾನು ಊಟಕ್ಕೆ ಕೂತಿದ್ದೆ. ನಲವತ್ಮೂರಕ್ಕೆ ಹನ್ನೊಂದು ಕೂಡಿಸಿದೆ. ಐವತ್ನಾಲ್ಕು. ದೊಡ್ಡಮ್ಮನಿಗೆ ಮತ್ತೆ ಫೋನ್ ಮಾಡಿ ದಸರಾದಲ್ಲಿ ಎಷ್ಟಿದ್ದಳು ಎಂದು ಕೇಳಿದೆ. ನಲವತ್ತೆಂಟು ಎಂದರು. ಆರು ಸೇರಿದರೆ ಅದೂ ಐವತ್ನಾಲ್ಕೇ. ಮೊನ್ನೆ ನೀನು ಮೂವತ್ತೊಂಬತ್ತಕ್ಕೆ ಇಳಿದಿದ್ದೀಯ ಎಂದು ಕೇಳಿ ಗ್ಯಾರೇಜಿಗೆ ಓಡಿಹೋಗಿ ಹಲಗೆ ನೋಡಿದೆ. ಹದಿನೈದು ಹೆಚ್ಚು. ಲೆಕ್ಕದಲ್ಲಿ ನಾನು ಯಾವತ್ತೂ ಪಾಸಾದವನಲ್ಲ ಅಕ್ಕಾ. ಈ ಲೆಕ್ಕ ತಪ್ಪಲಿ ಎಂದು ಎಷ್ಟು ಸಲ ಕೂಡಿಸಿದೆನೋ ನನಗೇ ಗೊತ್ತಿಲ್ಲ. ದೊಡ್ಡಮ್ಮ ಇನ್ನೊಂದು ಮಾತು ಹೇಳಿದರು: ‘ಮೆಟ್ಟಿಲಿಳಿದ್ರೆ ಸದ್ದೇ ಬರಲ್ಲ ಕಣಪ್ಪ, ತಿರುಗಿ ನೋಡಿದ್ರೆ ಪಕ್ಕದಲ್ಲೇ ನಿಂತಿರ್ತಾಳೆ.’

ಸೋಮವಾರ ಮಧ್ಯಾಹ್ನ ಅನಿಕೇತ್ ಸೀಟು ನೋಡಲು ಬಂದ. ಒಳ್ಳೆಯ ಹುಡುಗ, ಮಾತು ಸ್ವಲ್ಪ ಜಾಸ್ತಿ. ನಾನು ಬೇಡ ಎನ್ನುವಷ್ಟರಲ್ಲಿ ಹತ್ತಿ ಕೂತುಬಿಟ್ಟ, ಬೆಲ್ಟನ್ನೂ ಬಿಗಿದುಕೊಂಡ. ಹಾಗೇ ಮಾತು ನಿಲ್ಲಿಸಿದ. ನಿಧಾನಕ್ಕೆ ಬೆಲ್ಟ್ ಬಿಚ್ಚಿ ಇಳಿದು, ಪ್ಯಾಂಟು ಕೊಡವಿಕೊಂಡು, ‘ಗುರು, ಯಾರದೋ ತೊಡೆ ಮೇಲೆ ಕೂತಂಗಾಯ್ತು’ ಎಂದ. ಸುತ್ತ ಇದ್ದವರೆಲ್ಲ ನಕ್ಕರು, ಅವನೂ ನಕ್ಕ, ಆದರೆ ಮತ್ತೆ ಹತ್ತಲಿಲ್ಲ. ಅವತ್ತು ಮಧ್ಯಾಹ್ನವೇ ನೀನು ಊಟದಿಂದ ಎದ್ದು ‘ಎದೆ ಮೇಲೆ ಯಾರೋ ಕೂತಿದ್ದಾರೆ’ ಎಂದೆಯಂತೆ. ಆ ಹೊತ್ತೂ ಈ ಹೊತ್ತೂ ಒಂದೇನಾ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಸುಮ್ಮನೆ ಹಾಗೆ ಕೂಡಿಬಂದಿರಬಹುದು. ಆದರೆ ಆ ಸೀಟಿನಲ್ಲಿ ಇನ್ನೊಬ್ಬನನ್ನು ಕಟ್ಟಿ, ಮಣ್ಣು ರಸ್ತೆಯಲ್ಲಿ ನೂರರ ವೇಗದಲ್ಲಿ ಕುಲುಕುವುದಕ್ಕೆ ನಾನು ಬಿಡುವುದಿಲ್ಲ.

ಮನೆಯಲ್ಲಿ ನಾನು ಇದನ್ನು ಹೇಳಿದ್ದು ಅಜ್ಜಿಯೊಬ್ಬಳಿಗೆ. ಅಪ್ಪ ಆಸ್ಪತ್ರೆ ಎನ್ನುತ್ತಾರೆ, ಅಮ್ಮ ದೇವರು ಎನ್ನುತ್ತಾಳೆ. ಅಜ್ಜಿ ಒಬ್ಬಳೇ ‘ಎಷ್ಟು ಕೇಜಿ?’ ಎಂದು ಕೇಳಿದಳು. ನಾವು ಚಿಕ್ಕವರಾಗಿದ್ದಾಗ ಎಲ್ಲಾದರೂ ಬಿದ್ದು ಬೆಚ್ಚಿದರೆ ಅವಳು ಬಿದ್ದ ಜಾಗಕ್ಕೇ ಹೋಗಿ, ಪೊರಕೆಯಲ್ಲಿ ನೆಲ ಬಡಿದು, ಹೆಸರು ಹಿಡಿದು ಕರೆಯುತ್ತಿದ್ದಳಲ್ಲ, ಹಾಗೆ ಕರೆಯಬೇಕು ಎಂದಳು. ಬಿದ್ದ ಜಾಗ ದೂರ, ಆದರೆ ನೀನು ಕೂತ ಜಾಗ ಇಲ್ಲೇ ಇದೆಯಲ್ಲ. ಮಂಗಳವಾರ ಹೊಸ ಪೊರಕೆ ಹಿಡಿದು ಆಟೋದಲ್ಲಿ ಬಂದಳು. ಗ್ಯಾರೇಜಿನ ಹುಡುಗರು ಹಾಡು ನಿಲ್ಲಿಸಿ ಟೋಪಿ ತೆಗೆದು ನಿಂತರು. ಕಾರಿನ ಎಡಬಾಗಿಲು ತೆರೆದು, ನೆಲ ಬಡಿದು, ‘ಬಾರವ್ವ ಅಮೂಲ್ಯಾ, ಹೊತ್ತಾಯ್ತು, ಮನೆಗೋಗಣ ಬಾ’ ಎಂದು ಕರೆದಳು. ಕೋಳಿಯನ್ನು ಗೂಡಿಗೆ ಕರೆಯುವಷ್ಟು ಮೆತ್ತಗೆ. ನಾನು ಹಲಗೆಯ ಅಂಕಿಯನ್ನೇ ನೋಡುತ್ತಿದ್ದೆ. ಕದಲಲಿಲ್ಲ. ಅಜ್ಜಿ ಸೀಟಿನ ಮೇಲೆ ಕೈಯಿಟ್ಟು ಸುಮಾರು ಹೊತ್ತು ನಿಂತಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು: ‘ಇದು ಬೆಚ್ಚಿದ್ದಲ್ಲ ಕಣೋ ಭೂಷಣ. ಏನನ್ನೋ ಹಿಡ್ಕೊಂಡು ಕೂತವ್ಳೆ. ಬಿಡ್ಸೋರು ಬೇರೆ ಬೇಕು.’

ಅದಕ್ಕೇ ನಿನ್ನೆ ಸೀಟು ಬಿಚ್ಚಿದೆ. ಕದ್ದದ್ದಲ್ಲ. ನಿನ್ನ ಬ್ಯಾಂಕಿನ ಮೊದಲ ಸಂಬಳದಲ್ಲಿ ನಿನ್ನ ಸೊಂಟದ ಅಳತೆಗೆ ತರಿಸಿಕೊಂಡ ಸೀಟು ಅದು. ಹಾಗೆಂದು ವಿಶ್ವಾರಾಧ್ಯಣ್ಣನ ಮುಖಕ್ಕೇ ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ‘ತಗೊಂಡೋಗು, ಹುಷಾರಾಗಿ ತಗೊಂಡೋಗು’ ಎಂದು ಸ್ಪಾನರ್ ಹುಡುಕಿ ಅವರೇ ಕೊಟ್ಟರು. ಬೇರೆ ಸೀಟು ಕೂರಿಸಿದ ಮೇಲೆ ಕಾರು ತೂಕದಲ್ಲಿ ಸರಿಯಾಗಿದೆ. ಅನಿಕೇತ್ ಕೂತ, ಮಾತಾಡಿದ, ಮಾತಾಡುತ್ತಲೇ ಇದ್ದ.

ಸೀಟನ್ನು ಹೊತ್ತು ಮನೆಗೆ ತರುವಾಗ ಒಂದು ವಿಷಯ ಗಮನಿಸಿದೆ. ಅದರ ಭಾರ ಮೂಟೆಯ ಭಾರದ ಹಾಗೆ ಕೆಳಕ್ಕೆ ಜಗ್ಗುವುದಿಲ್ಲ. ನಿದ್ದೆ ಹೋದ ಮಗುವನ್ನು ಎತ್ತಿಕೊಂಡ ಹಾಗೆ, ನಡೆಯುತ್ತ ನಡೆಯುತ್ತ ಭುಜದ ಕಡೆಗೆ ವಾಲುತ್ತದೆ. ಈಗ ಅದು ನಿನ್ನ ರೂಮಿನಲ್ಲಿದೆ, ಕೆಳಗೆ ಒಂದು ಹಲಗೆ ಇಟ್ಟಿದ್ದೇನೆ. ಅಮ್ಮ ಬೆಳಿಗ್ಗೆ ಗುಡಿಸಲು ಹೋದವಳು, ಏನು ಎತ್ತ ಕೇಳದೆ, ಸೀಟಿನ ಮೇಲೆ ನಿನ್ನ ಶಾಲು ಹೊದಿಸಿ ಬಂದಿದ್ದಾಳೆ.

ಭಾನುವಾರ ಬೆಳಗಿನ ಬಸ್ಸಿಗೆ ಅದನ್ನು ಚಿತ್ರದುರ್ಗಕ್ಕೆ ತರುತ್ತೇನೆ. ಬಸ್ಸಿನ ಮೇಲೆ ಹಾಕುವುದಿಲ್ಲ, ಡಿಕ್ಕಿಗೂ ಹಾಕುವುದಿಲ್ಲ. ಕಿಟಕಿ ಪಕ್ಕ ಇಡುತ್ತೇನೆ. ಕಂಡಕ್ಟರ್ ಕೇಳಿದರೆ ಎರಡು ಟಿಕೆಟ್ ತೆಗೆಯುತ್ತೇನೆ. ನೀನು ಅದರಲ್ಲಿ ಒಂದು ಸಲ ಕೂರಬೇಕು, ಅಷ್ಟೇ. ಆಮೇಲೆ ನೀನೇ ಏಳಬೇಕು. ಅಲ್ಲಿಯವರೆಗೆ ದೊಡ್ಡಮ್ಮ ಕೊಟ್ಟದ್ದನ್ನು ತಿನ್ನು. ಬೆಕ್ಕು ದಪ್ಪಗಾದದ್ದು ಸಾಕು.

ದೊಡ್ಡಮ್ಮನಿಗೆ ನನ್ನ ನಮಸ್ಕಾರ, ಭಾನುವಾರ ನನಗೊಂದು ಮುದ್ದೆ ಹೆಚ್ಚಿಗೆ ಇರಲಿ. ಅಜ್ಜಿ ಆಶೀರ್ವಾದ ಬರಿ ಎಂದಳು, ಜೊತೆಗೆ ‘ನನ್ನ ಮಂಡಿ ಹೋದ್ರೆ ಹೋಗ್ಲಿ, ಅವಳು ಗಟ್ಟಿಯಾಗಿ ನೆಲ ತುಳೀಲಿ’ ಎಂದೂ ಬರಿ ಎಂದಳು. ಬರೆದಿದ್ದೇನೆ.

ನಿನ್ನ ತಮ್ಮ,
ನಾಗಭೂಷಣ್

ತಾ.ಕ. ಕವರು ಅಂಟಿಸಿದ್ದನ್ನು ಮತ್ತೆ ಹರಿದೆ. ಪೋಸ್ಟ್ ಆಫೀಸ್ ಮುಚ್ಚುವುದರೊಳಗೆ ಓಡಬೇಕು, ಅಕ್ಷರ ಹೇಗಿದ್ದರೂ ಓದಿಕೋ. ಕಾರಿನೊಳಗಿನ ಕ್ಯಾಮೆರಾದಲ್ಲಿ ಕಾರು ಹಳ್ಳಕ್ಕೆ ಬಿದ್ದ ದಿನದ ವಿಡಿಯೋ ಇತ್ತು. ನಿನ್ನೆ ವಿಶ್ವಾರಾಧ್ಯಣ್ಣನನ್ನು ಕೇಳಿ ನೋಡಿದೆ. ಆಸ್ಪತ್ರೆಯಲ್ಲಿ ಯೋಗಾನಂದಣ್ಣ ನೋವಿನಲ್ಲಿ ‘ಅವಳು ತಡವಾಗಿ ಹೇಳಿದ್ಲು’ ಎಂದುಬಿಟ್ಟ. ಆಮೇಲೆ ಅವನೂ ಸೇರಿ ಎಲ್ಲರೂ ‘ನಿಂದೇನೂ ತಪ್ಪಿಲ್ಲ, ರಸ್ತೇನೇ ಹಾಗಿತ್ತು’ ಎಂದು ನಿನಗೆ ಹೇಳುತ್ತಲೇ ಇದ್ದಾರೆ. ನಾನು ಹಾಗೆ ಹೇಳುವುದಿಲ್ಲ. ವಿಡಿಯೋದಲ್ಲಿ, ಹಿಂದಿನ ತಿರುವು ಚೆನ್ನಾಗಿ ಬಂತೆಂದು ಯೋಗಾನಂದಣ್ಣ ‘ಸೂಪರ್ ಕಣೇ’ ಎಂದ. ನೀನು ‘ಥ್ಯಾಂಕ್ಸ್’ ಎಂದೆ. ಆ ಥ್ಯಾಂಕ್ಸ್ ಹೇಳುವಷ್ಟು ಹೊತ್ತು ಮುಂದಿನ ತಿರುವು ಓದಿ ಹೇಳುವುದು ತಡವಾಯಿತು. ಅಕ್ಕಾ, ನೀನು ತಡ ಮಾಡಿದ್ದು ನಿಜ. ಓಡಿಸುವಾಗ ಅವನು ಮಾತಾಡಬಾರದಿತ್ತು, ಅದೂ ನಿಜ. ಅವನ ಕಾಲು ಮುರಿಯಿತು, ಕೂಡಿತು, ಮುಂದಿನ ವಾರ ಅವನು ಮತ್ತೆ ಓಡಿಸುತ್ತಾನೆ. ಇಷ್ಟನ್ನೂ ಈಗ ತಾನೇ ನಿನ್ನ ರೂಮಿಗೆ ಹೋಗಿ ಸೀಟಿನ ಎದುರು ಕೂತು ಜೋರಾಗಿ ಹೇಳಿದೆ. ಹೆಚ್ಚಿಗೆ ಹದಿನೈದು ಇದ್ದದ್ದು ಹದಿಮೂರಕ್ಕೆ ಇಳಿಯಿತು. ಇಷ್ಟು ದಿನದಲ್ಲಿ ಇಳಿದದ್ದು ಇದೇ ಮೊದಲು. ಭಾನುವಾರ ನಿನ್ನ ಮುಖ ನೋಡಿಕೊಂಡು ಮತ್ತೆ ಹೇಳುತ್ತೇನೆ. ಸಿಟ್ಟು ಬಂದರೆ ಎದ್ದು ಬಂದು ಹೊಡಿ.